ಡಿಗ್ರಿಯಲ್ಲಿ ಮಾರ್ಕ್ಸ್ ಕಡಿಮೆ, ಫಾರ್ಮಸಿ ಸೀಟು ಸಿಗುತ್ತಾ ಸರ್?

ಪ್ರಶ್ನೆ: ಸರ್, ನಾನು ಬೇಲೂರು ಕಡೆಯವಳು. ಹಾಸನದಲ್ಲಿ ಬಿ.ಎಸ್ಸಿ. ಸಿಬಿಝೆಡ್ ಮುಗಿಸಿದೆ. ಸಿಜಿಪಿಎ ಬರೀ 5.4. ಎರಡು ಸಬ್ಜೆಕ್ಟ್ ಬ್ಯಾಕ್ ಆಗಿ ಆಮೇಲೆ ಪಾಸಾದೆ. ಈಗ ಫಾರ್ಮಸಿ ಓದೋಣ ಅಂತ ಆಸೆ. ಇಷ್ಟು ಕಡಿಮೆ ಇದ್ರೆ ಸೀಟು ಕೊಡ್ತಾರಾ? ಬಿ.ಎಸ್ಸಿ. ಆಗಿರೋದ್ರಿಂದ ನೇರ ಎರಡನೇ ವರ್ಷಕ್ಕೇ ಸೇರಬಹುದು ಅಂತಾರೆ, ನಿಜಾನಾ ಸರ್?

ಉತ್ತರ: ಹಾಸನಕ್ಕೆ ಬಿತ್ತನೆ ಆಲೂಗಡ್ಡೆ ಬರುವ ಹೊತ್ತಿಗೆ ಸರಿಯಾಗಿ ಈ ಪ್ರಶ್ನೆಯೂ ಬರುತ್ತದೆ. ಒಂದು ವರ್ಷ ಸಕಲೇಶಪುರದಿಂದ, ಇನ್ನೊಂದು ವರ್ಷ ಕಡೂರಿನಿಂದ, ಮೂಡಿಗೆರೆಯಿಂದ. ಹೋದ ವಾರ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಬೀನ್ಸ್ ಆರಿಸುತ್ತಾ ನಿಂತಿದ್ದೆ. ಅಲ್ಲೂ ಒಬ್ಬರು ಹಿಡಿದುಕೊಂಡು "ನಮ್ಮ ಹುಡುಗನದ್ದು ಡಿಗ್ರಿ ಪರ್ಸೆಂಟೇಜ್ ಸ್ವಲ್ಪ ಕಮ್ಮಿ ಸರ್..." ಅಂತ ಶುರು ಮಾಡಿದರು. ಬೀನ್ಸ್ ಅಲ್ಲೇ ಬಿಟ್ಟು ಹೇಳಿದ್ದನ್ನೇ ಮತ್ತೆ ಹೇಳಿದೆ. ಈಗ ಬರೆದೇ ಇಡುತ್ತೇನೆ.

ನಿಮ್ಮ 5.4 ಅನ್ನು ಯಾರೂ ಕೇಳುವುದಿಲ್ಲಮ್ಮ. 5.4 ಇರಲಿ, 9.4 ಇರಲಿ, ಬಿ.ಫಾರ್ಮ, ಅಂದರೆ ನಾಲ್ಕು ವರ್ಷದ ಫಾರ್ಮಸಿ ಡಿಗ್ರಿ ಸೀಟಿಗೂ ಅದಕ್ಕೂ ಸಂಬಂಧವೇ ಇಲ್ಲ. ನೋಡುವುದು ಪಿಯುಸಿ ಮಾರ್ಕ್ಸ್ ಕಾರ್ಡು. ಪಿಸಿಐ, ಅಂದರೆ ಭಾರತೀಯ ಫಾರ್ಮಸಿ ಪರಿಷತ್ತಿನ ನಿಯಮ ಕೇಳುವುದು ಇಷ್ಟೇ: ಫಿಸಿಕ್ಸ್, ಕೆಮಿಸ್ಟ್ರಿ, ಜೊತೆಗೆ ಬಯಾಲಜಿ ಅಥವಾ ಮ್ಯಾಥ್ಸ್ ಓದಿ ಪಿಯುಸಿ ಪಾಸಾಗಿರಬೇಕು. ಸಿಇಟಿ ಮೂಲಕ ಹೋಗುವುದಾದರೆ ಆ ಮೂರು ವಿಷಯ ಸೇರಿ ಶೇ 45 ಬೇಕು. ಪರಿಶಿಷ್ಟರಿಗೆ ಮತ್ತು ಹಿಂದುಳಿದ ವರ್ಗದವರಿಗೆ ಶೇ 40. ಮುನ್ನೂರಕ್ಕೆ 135, ಇಲ್ಲವೇ 120. ಆ ಹಳೇ ಕಾರ್ಡು ಬೀರುವಿನಲ್ಲಿ ಎಲ್ಲಿದೆ ಅಂತ ಮೊದಲು ಹುಡುಕಿ, ಕೂಡಿ ನೋಡಿ. ನೀಟ್ ಬೇಕಾ ಅಂತಲೂ ಕೇಳುತ್ತಾರೆ. ಬೇಡ.

ಸಿಇಟಿ ಅರ್ಜಿ ಶುರುವಾಗುವುದು ವರ್ಷದ ಆರಂಭದಲ್ಲೇ, ಪರೀಕ್ಷೆ ಏಪ್ರಿಲ್‌ನಲ್ಲಿ. ಡಿಗ್ರಿ ರಿಸಲ್ಟ್ ಬಂದ ಮೇಲೆ ಯೋಚನೆ ಮಾಡುವವರಿಗೆ ಆ ವರ್ಷದ ಬಸ್ಸು ಆಗಲೇ ಹೊರಟಿರುತ್ತದೆ. ಬರೆಯುವುದಾದರೆ ಒಂದು ಮಾತು ನೆನಪಿರಲಿ. ಒಂದೊಂದು ವಿಷಯಕ್ಕೂ 60 ಪ್ರಶ್ನೆ, 80 ನಿಮಿಷ. ತಪ್ಪಿದರೆ ಮಾರ್ಕ್ಸ್ ಕಳೆಯುವುದಿಲ್ಲ. ಆದರೂ ಖಾಲಿ ಬಿಟ್ಟು ಬರುವ ಮಕ್ಕಳಿದ್ದಾರೆ. ಯಾಕೆ ಅಂತ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ಇನ್ನು ಎರಡನೇ ವರ್ಷದ ಕಥೆ. ನನ್ನ ತಲೆಕೂದಲು ಅರ್ಧ ಬೆಳ್ಳಗಾಗಿದ್ದು ಇದರಿಂದಲೇ.

ಬಿ.ಎಸ್ಸಿ. ಆದವರು ಬಿ.ಫಾರ್ಮ ಎರಡನೇ ವರ್ಷಕ್ಕೆ ಸೇರಲು ಆಗುವುದಿಲ್ಲ. ಕೆಮಿಸ್ಟ್ರಿಯಲ್ಲಿ ಚಿನ್ನದ ಪದಕ ಬಂದಿದ್ದರೂ ಆಗುವುದಿಲ್ಲ. ಲ್ಯಾಟರಲ್ ಎಂಟ್ರಿ, ಅಂದರೆ ನೇರ ಎರಡನೇ ವರ್ಷಕ್ಕೆ ಸೇರುವ ದಾರಿ, ಇರುವುದು ನಿಜ. ಆದರೆ ಅದು ಪಿಸಿಐ ಮಾನ್ಯತೆ ಇರುವ ಕಾಲೇಜಿನಲ್ಲಿ ಡಿ.ಫಾರ್ಮ, ಅಂದರೆ ಫಾರ್ಮಸಿ ಡಿಪ್ಲೊಮಾ ಮುಗಿಸಿದವರಿಗೆ ಮಾತ್ರ. ಅವರು ನೇರ ಮೂರನೇ ಸೆಮಿಸ್ಟರಿಗೆ ಬರುತ್ತಾರೆ. ಆ ನಿಯಮದಲ್ಲಿ ಬಿ.ಎಸ್ಸಿ. ಅನ್ನುವ ಅಕ್ಷರವೇ ಇಲ್ಲ.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? ನನಗೆ ತೋಚಿದ್ದು ಎರಡು ಕಡೆ. ಒಂದು, ಎಂಜಿನಿಯರಿಂಗ್. ಅಲ್ಲಿ ಎಐಸಿಟಿಇ, ಅಂದರೆ ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮದ ಪ್ರಕಾರ ಬಿ.ಎಸ್ಸಿ. ಆದವರಿಗೂ ಎರಡನೇ ವರ್ಷದ ಬಾಗಿಲು ತೆರೆದಿದೆ. ಪಕ್ಕದ ಮನೆ ಹುಡುಗ ಹಾಗೆ ಸೇರಿದ ಅಂದಮೇಲೆ ಫಾರ್ಮಸಿಗೂ ಅದೇ ಇರಬೇಕು ಅಂತ ಅಂದುಕೊಳ್ಳುತ್ತಾರೆ. ಎರಡನೆಯದು, ಯೂಟ್ಯೂಬು. ಅಮೆರಿಕದಲ್ಲಿ ಫಾರ್ಮ್.ಡಿ., ಅಂದರೆ ಡಾಕ್ಟರ್ ಆಫ್ ಫಾರ್ಮಸಿ ಸೇರುವ ಮೊದಲು ಸಾಮಾನ್ಯವಾಗಿ ಎರಡು ವರ್ಷವಾದರೂ ಕಾಲೇಜು ಓದಿರಬೇಕು. ಆ ಕಾಲೇಜಿನ ಜಿಪಿಎ ನೋಡಿಯೇ ಸೀಟು ಕೊಡುವುದು. ಪಿಕ್ಯಾಟ್ ಅನ್ನುವ ಪರೀಕ್ಷೆಯೂ ಇತ್ತು, 2024ರಲ್ಲಿ ಅದನ್ನು ನಿಲ್ಲಿಸಿದರು. ಅಲ್ಲಿನ ಹುಡುಗರು ಜಿಪಿಎ ಕಡಿಮೆ ಅಂತ ಅಳುವ ವಿಡಿಯೋ ನೋಡಿ ಇಲ್ಲಿ ಆಲೂರಿನ ಹುಡುಗಿ ನಿದ್ದೆಗೆಟ್ಟರೆ ಹೇಗೆ? ನಮ್ಮ ಫಾರ್ಮ್.ಡಿ. 2008ರಲ್ಲಿ ಬಂದದ್ದು, ಪಿಯುಸಿ ಆದ ಮೇಲೆ ಆರು ವರ್ಷದ್ದು: ಐದು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅದಕ್ಕೂ ನಿಮ್ಮ ಡಿಗ್ರಿ ಲೆಕ್ಕಕ್ಕಿಲ್ಲ.

"ಆದರೂ ಸರ್, ಮೂರು ವರ್ಷ ಕೆಮಿಸ್ಟ್ರಿ ಓದಿದ್ದೀನಿ, ಮೊದಲ ವರ್ಷ ಮತ್ತೆ ಯಾಕೆ?" ಅಂತ ಒಬ್ಬ ಹುಡುಗ ನನ್ನೆದುರೇ ವಾದ ಮಾಡಿದ್ದ. ಬಾಯಲ್ಲಿ ಹೇಳಿದರೆ ಆಗುವುದಿಲ್ಲ ಅಂತ ಲ್ಯಾಬಿಗೆ ಕರೆದುಕೊಂಡು ಹೋದೆ. ಕುಟ್ಟಾಣಿ ಕೊಟ್ಟು, ಮೀನೆಣ್ಣೆಯ ಎಮಲ್ಷನ್, ಅಂದರೆ ಎಣ್ಣೆ ನೀರು ಬೇರೆಯಾಗದ ಮಿಶ್ರಣ ಮಾಡು ಅಂದೆ. ಎಣ್ಣೆ ನಾಲ್ಕು ಭಾಗ, ನೀರು ಎರಡು, ಅಕೇಶಿಯಾ ಗೋಂದು ಒಂದು. ಅಳತೆ ಹೇಳಿಯೇ ಕೊಟ್ಟಿದ್ದೆ. ಹುಡುಗ ಕುಟ್ಟಾಣಿಯನ್ನು ತೊಳೆದು ಒರೆಸದೆ ಹಾಗೇ ಎಣ್ಣೆ ಹಾಕಿದ. ಆಮೇಲೆ ನೀರನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಮೆಲ್ಲಗೆ ಕಲೆಸಿದ, ರಾಗಿ ಅಂಬಲಿ ಕದಡಿದ ಹಾಗೆ. ಎಣ್ಣೆ ಮೇಲೆ, ನೀರು ಕೆಳಗೆ, ನಡುವೆ ಗೋಂದಿನ ಗಂಟು. ಪಕ್ಕದ ಟೇಬಲ್ಲಿನಲ್ಲಿ ಫಸ್ಟ್ ಇಯರ್ ಹುಡುಗಿ ಒಣಗಿದ ಕುಟ್ಟಾಣಿಯಲ್ಲಿ ಎಣ್ಣೆ, ಗೋಂದು ಬೆರೆಸಿ, ನೀರು ಪೂರ್ತಿ ಒಮ್ಮೆಲೇ ಸುರಿದು, ಒಂದೇ ದಿಕ್ಕಿಗೆ ಜೋರಾಗಿ ತಿರುವಿದಳು. ಎರಡು ನಿಮಿಷದಲ್ಲಿ ಚಟಚಟ ಸದ್ದು ಬಂತು. ಆ ಸದ್ದು ಬಂದರೆ ಎಮಲ್ಷನ್ ಕೂತಿತು ಅಂತ ಲೆಕ್ಕ. ಹಾಲಿನಂತೆ ಬೆಳ್ಳಗೆ, ದಪ್ಪಗೆ. ನಾನೇ ಕಲಿಸಿದ್ದು, ಹೇಳಿಕೊಳ್ಳಲು ನಾಚಿಕೆ ಇಲ್ಲ. ಹುಡುಗ ಮತ್ತೆ ವಾದ ಮಾಡಲಿಲ್ಲ.

ಮೊದಲ ವರ್ಷದಲ್ಲಿ ಇಂಥದ್ದೇ ಇರುವುದು. ದೇಹರಚನೆ, ಔಷಧದ ಪ್ರಮಾಣ, ಮಿಶ್ರಣ, ಡಾಕ್ಟರ್ ಚೀಟಿ ಓದುವುದು. ನಿಮ್ಮ ಬಿ.ಎಸ್ಸಿ. ಕೆಮಿಸ್ಟ್ರಿ ಸುಮ್ನೆ ಹೋಗಲ್ಲ, ಆರ್ಗ್ಯಾನಿಕ್ ಬಂದಾಗ ಬೇರೆಯವರಿಗಿಂತ ಹಗುರ ಅನ್ನಿಸುತ್ತದೆ. ಆದರೆ ಒಂದು ವರ್ಷದ ರಿಯಾಯಿತಿ ಅದರಿಂದ ಸಿಗುವುದಿಲ್ಲ.

ಇಷ್ಟೆಲ್ಲ ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, "ಎರಡನೇ ವರ್ಷಕ್ಕೆ ಹಾಕಿಸಿಕೊಡ್ತೀವಿ, ಹೊರರಾಜ್ಯದ ಕಾಲೇಜು, ಕ್ಲಾಸಿಗೆ ಹೋಗೋದೂ ಬೇಡ" ಅನ್ನುವ ಏಜೆಂಟರು ಬಸ್ ಸ್ಟ್ಯಾಂಡಿನ ಸುತ್ತ ಇದ್ದೇ ಇರುತ್ತಾರೆ. ದುಡ್ಡು ಕೊಟ್ಟರೆ ಸರ್ಟಿಫಿಕೇಟು ಬಂದರೂ ಬರಬಹುದು. ಮುಂದೆ ಅದನ್ನು ಹಿಡಿದು ಬೆಂಗಳೂರಿನ ರಾಜ್ಯ ಫಾರ್ಮಸಿ ಪರಿಷತ್ತಿಗೆ ಹೋಗಬೇಕಲ್ಲ? ಪಿಸಿಐ ಮಾನ್ಯತೆ ಇರುವ ಕೋರ್ಸನ್ನು ನಿಯಮದ ಪ್ರಕಾರ ಓದಿರದಿದ್ದರೆ ಅಲ್ಲಿ ನೋಂದಣಿ ಇಲ್ಲ. ನೋಂದಣಿ ಇಲ್ಲದೆ ಔಷಧ ಕೊಡುವ ಹಾಗಿಲ್ಲ, 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಹೇಳುವುದು ಅದನ್ನೇ. ಕಾಫಿ ಮಾರಿದ ದುಡ್ಡು ಹಾಗೆ ಕಳೆದುಕೊಂಡ ಒಂದು ಮನೆ ಚಿಕ್ಕಮಗಳೂರು ಕಡೆ ನನಗೆ ಗೊತ್ತು. ಆ ಅಪ್ಪ ನನ್ನ ಹತ್ತಿರ ಬಂದದ್ದು ದುಡ್ಡು ಕೊಟ್ಟ ಮೇಲೆ.

ಸರಿ, ಪಿಯುಸಿಯಲ್ಲೂ ಮಾರ್ಕ್ಸ್ ಇಲ್ಲದಿದ್ದರೆ? ಡಿ.ಫಾರ್ಮ ಇದೆ. ಪಿಯುಸಿ ಸೈನ್ಸ್ ಪಾಸಾಗಿದ್ದರೆ ಸಾಕು. ಎರಡು ವರ್ಷ ಓದು, ಆಮೇಲೆ ಆಸ್ಪತ್ರೆಯಲ್ಲೋ ಮೆಡಿಕಲ್ ಶಾಪಿನಲ್ಲೋ ಮೂರು ತಿಂಗಳಿಗೆ ಕಡಿಮೆ ಇಲ್ಲದಂತೆ 500 ಗಂಟೆ ತರಬೇತಿ. ಮನಸ್ಸು ಬಂದರೆ ಅಲ್ಲಿಂದ ಬಿ.ಫಾರ್ಮ ಎರಡನೇ ವರ್ಷಕ್ಕೆ, ಈ ಸಲ ರಾಜಮಾರ್ಗದಲ್ಲೇ. ಒಟ್ಟು ಒಂದು ವರ್ಷ ಜಾಸ್ತಿ ಹಿಡಿಯುತ್ತದೆ. ಮಾರ್ಕ್ಸ್ ಕಡಿಮೆ ಇರುವವರಿಗೆ ನಾನು ಹೇಳುವುದು ಇದನ್ನೇ. ನಾಲ್ಕು ವರ್ಷ ಹೇಗೋ ತಳ್ಳುವುದಕ್ಕಿಂತ ಎರಡು ವರ್ಷ ಓದಿ, ಈ ಕೆಲಸ ತನಗೆ ಒಗ್ಗುತ್ತದಾ ಅಂತ ನೋಡಿಕೊಳ್ಳುವುದು ವಾಸಿ.

ಯಾಕೆಂದರೆ ಸೇರುವುದು ಕಷ್ಟವಲ್ಲ, ದಾಟುವುದು ಕಷ್ಟ. ಬಿ.ಫಾರ್ಮದಲ್ಲಿ ಪಾಸಾಗಲು ಪ್ರತಿ ವಿಷಯದಲ್ಲೂ ಶೇ 50 ಬೇಕು, ನಿಮ್ಮ ಕಾಲದ ಪಿಯುಸಿಯಲ್ಲಿದ್ದ 35 ಅಲ್ಲ. ಹಾಜರಾತಿ ಶೇ 80. ಮೊದಲೆರಡು ಸೆಮಿಸ್ಟರಿನ ಎಲ್ಲ ವಿಷಯ ಮುಗಿಸದೆ ಐದನೇ ಸೆಮಿಸ್ಟರಿಗೆ ಕೂರಿಸುವುದಿಲ್ಲ. ನಿಮಗೆ ಡಿಗ್ರಿಯಲ್ಲಿ ಎರಡು ಬ್ಯಾಕ್ ಉಳಿದಿತ್ತಲ್ಲ, ಅದು ಯಾಕೆ ಉಳಿಯಿತು ಅಂತ ನೀವೇ ಕೇಳಿಕೊಳ್ಳಬೇಕಾದದ್ದು ಈಗ. ಕಾಲೇಜಿನವರು ಕೇಳುವುದಿಲ್ಲ.

ಡಿಗ್ರಿ ಸರಾಸರಿ ನಿಜಕ್ಕೂ ಲೆಕ್ಕಕ್ಕೆ ಬರುವ ಒಂದು ಕಡೆ ಇದೆ, ಎಂ.ಫಾರ್ಮ, ಅಂದರೆ ಫಾರ್ಮಸಿಯ ಸ್ನಾತಕೋತ್ತರ ಕೋರ್ಸು. ಅದಕ್ಕೆ ಬಿ.ಫಾರ್ಮದ ನಾಲ್ಕೂ ವರ್ಷ ಸೇರಿ ಶೇ 55 ಬೇಕು, ಪರಿಶಿಷ್ಟರಿಗೆ 50. ಅಷ್ಟು ಬಾರದವರಿಗೆ ಬಿ.ಫಾರ್ಮ ನಂತರದ ಮೂರು ವರ್ಷದ ಫಾರ್ಮ್.ಡಿ. ಇದೆ, ಅಲ್ಲಿ ಪಾಸಾಗಿದ್ದರೆ ನಡೆಯುತ್ತದೆ.

ಇನ್ನೊಂದು ವಿಷಯ. ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಔಷಧದ ವ್ಯವಹಾರ ಮಾಡಬೇಕು ಅನ್ನುವುದಷ್ಟೇ ಆಸೆಯಾದರೆ ಫಾರ್ಮಸಿಯೇ ಓದಬೇಕು ಅಂತಿಲ್ಲ. ಬೀದಿ ಮೂಲೆಯ ಮೆಡಿಕಲ್ ಶಾಪಿಗೆ ನೋಂದಾಯಿತ ಫಾರ್ಮಸಿಸ್ಟ್ ಬೇಕೇ ಬೇಕು. ಸರ್ಟಿಫಿಕೇಟು ಬಾಡಿಗೆಗೆ ತಂದು ಗೋಡೆಗೆ ನೇತುಹಾಕುವ ಚಾಳಿ ಇದೆ, ಅದು ಅಪರಾಧ, ಅದರ ಮಾತು ಬೇಡ. ಆದರೆ ಹೋಲ್‌ಸೇಲ್ ಬೇರೆ. ಔಷಧ ನಿಯಮಗಳ ಪ್ರಕಾರ ಹೋಲ್‌ಸೇಲ್ ಲೈಸೆನ್ಸಿಗೆ ಯಾವುದೇ ಡಿಗ್ರಿ ಮತ್ತು ಔಷಧ ವ್ಯವಹಾರದಲ್ಲಿ ಒಂದು ವರ್ಷದ ಅನುಭವ ಇರುವವರು ಸಾಕು. ಬರೀ ಎಸ್ಸೆಸ್ಸೆಲ್ಸಿ ಆಗಿದ್ದರೆ ನಾಲ್ಕು ವರ್ಷದ ಅನುಭವ. ಡಿಗ್ರಿಯಲ್ಲಿ ಎಷ್ಟು ಬಂತು ಅಂತ ಆ ನಿಯಮ ಕೇಳುವುದಿಲ್ಲ. ಔಷಧ ತಯಾರಿಸುವ ಕಾರ್ಖಾನೆಯಲ್ಲೂ ಹಾಗೇ. ಕೆಮಿಸ್ಟ್ರಿ ಮುಖ್ಯ ವಿಷಯವಾಗಿ ಓದಿದ ಬಿ.ಎಸ್ಸಿ.ಯವರು ಡಿಗ್ರಿ ಆದ ಮೇಲೆ ಮೂರು ವರ್ಷ ತಯಾರಿಕೆಯಲ್ಲಿ ಪಳಗಿದರೆ ಅಲ್ಲಿನ ಉಸ್ತುವಾರಿಗೆ ಅರ್ಹರಾಗಬಹುದು.

ಬಿ.ಎಂ. ರಸ್ತೆ ಕಡೆ ನನ್ನ ಪರಿಚಯದ ಒಬ್ಬರು ಔಷಧದ ಹೋಲ್‌ಸೇಲ್ ಇಟ್ಟಿದ್ದಾರೆ. ಬಿ.ಎಸ್ಸಿ., ಪಾಸ್ ಕ್ಲಾಸ್. ಬೆಳಿಗ್ಗೆ ಏಳಕ್ಕೆ ಹೋದರೆ ಇನ್ಸುಲಿನ್ ಡಬ್ಬಿಗಳನ್ನು ಫ್ರಿಜ್ಜಿಗೆ ಎಣಿಸಿ ಇಡುತ್ತಾ ಇರುತ್ತಾರೆ. ನನ್ನ ಹಳೇ ವಿದ್ಯಾರ್ಥಿಗಳ ಅಂಗಡಿಗಳಿಗೆಲ್ಲ ಮಾಲು ಹೋಗುವುದು ಅವರ ಕಡೆಯಿಂದಲೇ.