ಗಿಳಿಜ್ವರದ ಜಾಡು: ಗಿಳಿಯಿಂದ ಕುದುರೆಯವರೆಗೆ

1929ರ ಕ್ರಿಸ್‌ಮಸ್‌ಗೆ ಅಮೆರಿಕದ ಅನಾಪೊಲಿಸ್‌ನಲ್ಲಿ ಒಬ್ಬರು ಹೆಂಡತಿಗೆ ಉಡುಗೊರೆ ಕೊಡಲು ಗಿಳಿ ತರಿಸಿದರು. ಹಬ್ಬದ ಹೊತ್ತಿಗೆ ಗಿಳಿ ಸತ್ತಿತ್ತು. ಸ್ವಲ್ಪ ದಿನದಲ್ಲೇ ಹೆಂಡತಿ, ಮಗಳು, ಅಳಿಯ ಮೂವರೂ ಹಾಸಿಗೆ ಹಿಡಿದರು. ನೋಡಲು ಬಂದ ವೈದ್ಯರಿಗೆ ಏನೂ ಹೊಳೆಯಲಿಲ್ಲ. ಹೊಳೆದದ್ದು ಅವರ ಪತ್ನಿಗೆ. ಅರ್ಜೆಂಟೀನಾದಲ್ಲಿ ಗಿಳಿಗಳಿಂದ ಜ್ವರ ಹರಡುತ್ತಿದೆ ಅಂತ ಅವರು ಪತ್ರಿಕೆಯಲ್ಲಿ ಓದಿದ್ದರು.

ಗಿಳಿಜ್ವರ ಆಗಲೇ ಹಳೇ ಕಾಯಿಲೆ. 1879ರಲ್ಲಿ ಸ್ವಿಟ್ಜರ್ಲೆಂಡಿನ ಊಸ್ಟರ್‌ನಲ್ಲಿ ಯಾಕೋಬ್ ರಿಟ್ಟರ್ ಎಂಬ ವೈದ್ಯ ತನ್ನ ಸಹೋದರನ ಮನೆಯಲ್ಲೇ ಇದನ್ನು ಕಂಡಿದ್ದ. ಏಳು ಜನರಿಗೆ ಬಂತು, ಮೂವರು ತೀರಿಕೊಂಡರು. ಮನೆಯಲ್ಲಿದ್ದ ಪಂಜರದ ಹಕ್ಕಿಗಳ ಮೇಲೆ ಅವನಿಗೆ ಅನುಮಾನ ಬಂದಿತ್ತು. 1892ರಲ್ಲಿ ಪ್ಯಾರಿಸ್‌ನಲ್ಲಿ ಇದೇ ಕಾಯಿಲೆ ಜೋರಾಗಿ ಹಬ್ಬಿತು. ಎಡ್ಮಂಡ್ ನೊಕಾರ್ ಎಂಬ ವಿಜ್ಞಾನಿ ಹಡಗಿನಲ್ಲೇ ಸತ್ತಿದ್ದ ಗಿಳಿಗಳ ಒಣಗಿದ ರೆಕ್ಕೆಗಳನ್ನು ತರಿಸಿಕೊಂಡು, ಅದರೊಳಗಿಂದ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿದ. ಕಳ್ಳ ಸಿಕ್ಕಿಬಿದ್ದ ಅಂತಲೇ ಎಲ್ಲರೂ ನಂಬಿದರು. ಆದರೆ ಅದು ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಗುಂಪಿನದು. ಗಿಳಿಜ್ವರಕ್ಕೂ ಅದಕ್ಕೂ ಸಂಬಂಧವಿರಲಿಲ್ಲ.

ಹಾಗಾಗಿ 1930ರ ಜನವರಿಯಲ್ಲಿ ವಾಷಿಂಗ್ಟನ್‌ನ ಹೈಜೀನಿಕ್ ಲ್ಯಾಬೊರೇಟರಿ ಎಂಬ ಸರ್ಕಾರಿ ಸಂಶೋಧನಾಲಯಕ್ಕೆ ಕಾಯಿಲೆಯ ಗಿಳಿಗಳು ಬಂದಾಗ, ಕೈಯಲ್ಲಿರುವುದು ಏನು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿನ ವೈದ್ಯ ಚಾರ್ಲ್ಸ್ ಆರ್ಮ್‌ಸ್ಟ್ರಾಂಗ್ ಮತ್ತು ಅವರ ಸಹಾಯಕ ನೆಲಮಾಳಿಗೆಯಲ್ಲಿ ಕೆಲಸ ಶುರು ಮಾಡಿದರು. ಸಹಾಯಕ ಫೆಬ್ರವರಿಯಲ್ಲಿ ಸತ್ತ. ಆರ್ಮ್‌ಸ್ಟ್ರಾಂಗ್ ಕೂಡ ಮಲಗಿದರು. ಗುಣವಾದವರ ರಕ್ತದಿಂದ ತೆಗೆದ ಸೀರಂ ಕೊಟ್ಟರು, ಅವರು ಬದುಕಿದರು. ಅದೇ ಕಟ್ಟಡದಲ್ಲಿ, ಹಕ್ಕಿಗಳ ಹತ್ತಿರವೂ ಸುಳಿಯದವರಿಗೂ ಜ್ವರ ಬಂತು. ಕೊನೆಗೆ ನಿರ್ದೇಶಕ ಜಾರ್ಜ್ ಮೆಕಾಯ್ ಎಲ್ಲರನ್ನೂ ಹೊರಗೆ ಕಳಿಸಿ, ಒಬ್ಬರೇ ಒಳಗೆ ಹೋಗಿ ಕ್ಲೋರೊಫಾರ್ಮ್ ಕೊಟ್ಟು ಪ್ರಾಣಿಗಳನ್ನು ಕೊಂದರು. ಜನವರಿ 24ರಂದು ಅಧ್ಯಕ್ಷ ಹೂವರ್ ಗಿಳಿಗಳ ಆಮದನ್ನೇ ನಿಲ್ಲಿಸಿದ್ದರು. ಆ ಸಲ ಅಮೆರಿಕದಲ್ಲಿ 169 ಜನರಿಗೆ ಕಾಯಿಲೆ ಬಂತು, 33 ಜನ ಸತ್ತರು.

ಅಪಾಯ ಇದ್ದದ್ದು ಗಿಳಿಯ ಕಡಿತದಲ್ಲಲ್ಲ. ಹಿಕ್ಕೆ ಒಣಗಿ ಪುಡಿಯಾಗುತ್ತದೆ, ಹಕ್ಕಿ ರೆಕ್ಕೆ ಬಡಿದಾಗ ಮೇಲೇಳುತ್ತದೆ, ಉಸಿರಿನ ಜೊತೆ ಒಳಗೆ ಹೋಗುತ್ತದೆ. ಐದರಿಂದ ಹದಿನಾಲ್ಕು ದಿನದಲ್ಲಿ ಜ್ವರ, ತಲೆನೋವು, ಒಣಕೆಮ್ಮು. ಜಾಸ್ತಿಯಾದರೆ ನ್ಯುಮೋನಿಯಾ.

ಅದೇ ವರ್ಷ ಲಂಡನ್‌ನಲ್ಲಿ ಸ್ಯಾಮ್ಯುಯೆಲ್ ಬೆಡ್ಸನ್ ತಂಡ, ರೋಗಾಣು ಸೂಕ್ಷ್ಮ ಸೋಸುಕಗಳನ್ನೂ ದಾಟುತ್ತದೆ ಅಂತ ತೋರಿಸಿತು. ಅಂದರೆ ವೈರಸ್ ಇರಬೇಕು ಅಂದುಕೊಂಡರು. ಜೀವಕೋಶದ ಹೊರಗೆ ಅದು ಬೆಳೆಯುವುದೂ ಇಲ್ಲ, ಹಾಗಾಗಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಆದರೆ ವೈರಸ್‌ನಲ್ಲಿ ಡಿಎನ್‌ಎ ಇಲ್ಲವೇ ಆರ್‌ಎನ್‌ಎ ಒಂದೇ ಇರುತ್ತದೆ, ಇದರಲ್ಲಿ ಎರಡೂ ಇದ್ದವು. ಒಂದು ಎರಡಾಗಿ ಸೀಳಿ ಬೆಳೆಯುತ್ತಿತ್ತು. ಬ್ಯಾಕ್ಟೀರಿಯಾ ಕೊಲ್ಲುವ ಟೆಟ್ರಾಸೈಕ್ಲಿನ್ ಔಷಧಿಗೆ ಸಾಯುತ್ತಲೂ ಇತ್ತು. ಇದು ಬ್ಯಾಕ್ಟೀರಿಯಾನೇ ಎಂಬುದು ಪಕ್ಕಾ ಆಗಿದ್ದು 1960ರ ದಶಕದಲ್ಲಿ. ಈಗಿನ ಹೆಸರು ಕ್ಲಮೈಡಿಯಾ ಸಿಟಾಸಿ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ತಿರುವು ಕೊಟ್ಟದ್ದು ಕ್ಯಾಲಿಫೋರ್ನಿಯಾದ ವಿಜ್ಞಾನಿ ಕಾರ್ಲ್ ಮೇಯರ್. ಪರದೇಶದ ಗಿಳಿ ತಡೆದರೆ ಸಾಕು ಅಂತ ಎಲ್ಲರೂ ನೆಮ್ಮದಿಯಾಗಿದ್ದಾಗ, ಅಲ್ಲೇ ಹುಟ್ಟಿ ಬೆಳೆದ ಬಜರಿಗರ್ ಗಿಳಿಗಳಲ್ಲೂ ರೋಗಾಣು ಇದೆ ಅಂತ ಅವರು ತೋರಿಸಿದರು. ಅದೂ ಏನೂ ಆಗಿಲ್ಲದ ಹಾಗೆ ಕಾಳು ತಿನ್ನುತ್ತ ಚಿಲಿಪಿಲಿ ಅನ್ನುವ ಹಕ್ಕಿಗಳಲ್ಲಿ! ಆಮೇಲೆ ಪಾರಿವಾಳ, ಬಾತು, ಟರ್ಕಿ ಕೋಳಿ, ಪಟ್ಟಿ ಬೆಳೆಯುತ್ತಲೇ ಹೋಯಿತು.

ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳ ಕತೆ ಇನ್ನೂ ವಿಚಿತ್ರ. ಅಲ್ಲಿ ಫುಲ್ಮರ್ ಎಂಬ ಕಡಲಹಕ್ಕಿಯ ಮರಿಗಳನ್ನು ಹಿಡಿದು ತಿನ್ನುತ್ತಿದ್ದರು. 1930ರಿಂದ 1938ರ ನಡುವೆ 174 ಜನರಿಗೆ ಗಿಳಿಜ್ವರ ಬಂತು. ಹೆಚ್ಚಿನವರು ಹಕ್ಕಿಯ ಪುಕ್ಕ ಕೀಳುತ್ತಿದ್ದ ಹೆಂಗಸರು. ಗಿಳಿಯೇ ಇಲ್ಲದ ದ್ವೀಪಕ್ಕೆ ಇದು ಬಂದದ್ದು ಹೇಗೆ? ಹಡಗುಗಳಿಂದ ಸಮುದ್ರಕ್ಕೆ ಎಸೆದ ಸತ್ತ ಗಿಳಿಗಳನ್ನು ಫುಲ್ಮರ್‌ಗಳು ತಿಂದಿರಬೇಕು ಎಂಬ ಊಹೆ ಆಮೇಲೆ ಬಂತು. ಕೇಳೋಕೆ ಚೆನ್ನಾಗಿದೆ, ಆದರೆ ಅದು ಊಹೆ ಅಷ್ಟೆ.

ಔಷಧಿ ಬಂದ ಮೇಲೆ ಭಯ ಇಳಿಯಿತು. ಡಾಕ್ಸಿಸೈಕ್ಲಿನ್ ಸಮಯಕ್ಕೆ ಕೊಟ್ಟರೆ ಸಾವು ಅಪರೂಪ. ಹುಡುಕಾಟ ಮಾತ್ರ ನಿಲ್ಲಲಿಲ್ಲ. 2002ರಲ್ಲಿ ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್‌ನಲ್ಲಿ ಜ್ವರ ಬಂದವರ ಜಾಡು ಹಿಡಿದಾಗ, ಕತ್ತರಿಸಿದ ಹುಲ್ಲು ತುಂಬಿಕೊಳ್ಳುವ ಚೀಲವಿಲ್ಲದ ಯಂತ್ರದಿಂದ ಹುಲ್ಲು ಕತ್ತರಿಸಿದ್ದಕ್ಕೂ ಕಾಯಿಲೆಗೂ ನಂಟು ಕಂಡಿತು. ಕಾಡುಗಿಳಿಗಳ ಹಿಕ್ಕೆ ಹುಲ್ಲಿನ ಜೊತೆ ದೂಳಾಗಿ ಎದ್ದಿರಬೇಕು. 2014ರಲ್ಲಿ ಅದೇ ದೇಶದಲ್ಲಿ ಕುದುರೆಯ ಸತ್ತೆ (ಮರಿ ಹಾಕಿದಾಗ ಹೊರಬರುವ ಮಾಸು) ಮುಟ್ಟಿ ಪರೀಕ್ಷಿಸಿದ ಪಶುವೈದ್ಯಶಾಲೆಯ ಐದು ಜನರಿಗೆ ಇದು ಬಂತು. ಕುದುರೆಗಳಲ್ಲಿ ಸಿಕ್ಕಿದ್ದು ಗಿಳಿಗಳಲ್ಲಿ ಸಿಗುವ ತಳಿಯೇ. 2020ರಲ್ಲಿ ಚೀನಾದ ಶಾಂಡಾಂಗ್‌ನಲ್ಲಿ ಮನುಷ್ಯರಿಂದ ಮನುಷ್ಯರಿಗೂ ಹರಡಿದ್ದಕ್ಕೆ ಸಾಕ್ಷ್ಯ ಸಿಕ್ಕಿತು.

2024ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಸ್ಟ್ರಿಯಾ, ಡೆನ್ಮಾರ್ಕ್, ಜರ್ಮನಿ, ಸ್ವೀಡನ್, ನೆದರ್‌ಲೆಂಡ್ಸ್‌ಗಳಲ್ಲಿ ಪ್ರಕರಣ ಏರಿದೆ, ಐದು ಜನ ಸತ್ತಿದ್ದಾರೆ ಅಂತ ತಿಳಿಸಿತು. ಹೆಚ್ಚಿನವರಿಗೆ ಸಾಕಿದ ಇಲ್ಲವೇ ಕಾಡಿನ ಹಕ್ಕಿಗಳ ಸಂಪರ್ಕ ಇತ್ತು. ಅದೇ ಹೊತ್ತಿಗೆ ಅಲ್ಲಿನ ಕೆಲವು ಕಡೆ ನ್ಯುಮೋನಿಯಾ ರೋಗಿಗಳಿಗೆ ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡುವುದೂ ಜಾಸ್ತಿಯಾಗಿತ್ತು. ಏರಿದ್ದು ಕಾಯಿಲೆಯಾ, ಪರೀಕ್ಷೆಯಾ ಎಂಬ ಪ್ರಶ್ನೆ ಅಲ್ಲಿಂದಲೇ ಎದ್ದಿತು.