ದೂರದ ಬೆಟ್ಟ ನುಣ್ಣಗೆ, ಝೂಮ್ ಔಟ್ ಮಾಡಿದರೆ ಇನ್ನೂ ನುಣ್ಣಗೆ

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಕೊಡಗಿನ ಇಳಿಜಾರಿನ ನಕ್ಷೆ ತೋರಿಸಲು ಬಂದ. ಪರದೆ ತುಂಬಾ ಹಸಿರು, ಅಂದರೆ ಕಡಿಮೆ ಇಳಿಜಾರು. "ಸರ್, 30 ಡಿಗ್ರಿಗಿಂತ ಜಾಸ್ತಿ ಇಳಿಜಾರು ಎಲ್ಲೂ ಇಲ್ವಲ್ಲ?" ಅಂದ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಜಾರಿದ್ದನ್ನು ಟಿವಿಯಲ್ಲಿ ನೋಡಿದವರು ಯಾರೂ ಆ ನಕ್ಷೆಯನ್ನು ನಂಬಲಾರರು.

ಅವನ ಸೂತ್ರ ಸರಿಯಾಗಿಯೇ ಇತ್ತು. ಎಡವಿದ್ದು ಝೂಮ್‌ನಲ್ಲಿ.

ಈಗಿನ ನಕ್ಷೆ ಸಾಫ್ಟ್‌ವೇರ್‌ಗಳು ಚಿತ್ರವನ್ನು ಮೊದಲೇ ಸಂಸ್ಕರಿಸಿ ಹೊಸ ಫೈಲ್ ಮಾಡಿ ಇಡಬೇಕಾಗಿಲ್ಲ. ಹೋಟೆಲಿನಲ್ಲಿ ಆರ್ಡರ್ ಬಂದ ಮೇಲೆ ದೋಸೆ ಹುಯ್ಯುವ ಹಾಗೆ, ನೀವು ನೋಡುತ್ತಿರುವ ಜಾಗಕ್ಕೆ ಮಾತ್ರ ಆ ಕ್ಷಣದಲ್ಲಿ ಲೆಕ್ಕ ಹಾಕುತ್ತವೆ. ಆರ್ಕ್‌ಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರ್‌ನ ರಾಸ್ಟರ್ (ಪಿಕ್ಸೆಲ್ ಚಿತ್ರದ) ಫಂಕ್ಷನ್‌ಗಳು, ಅಂತರ್ಜಾಲದಲ್ಲೇ ಉಪಗ್ರಹ ಚಿತ್ರಗಳ ಲೆಕ್ಕ ಹಾಕುವ ಗೂಗಲ್ ಅರ್ತ್ ಎಂಜಿನ್, ಎಲ್ಲದರ ಗುಟ್ಟು ಇದೇ. ಲಾಭ ದೊಡ್ಡದು. ಸೆಂಟಿನೆಲ್-2 ಉಪಗ್ರಹ ಚಿತ್ರದ ಒಂದು ತುಂಡಿನಲ್ಲಿ, 10 ಮೀಟರ್ ಪಿಕ್ಸೆಲ್‌ನ ಒಂದೊಂದು ಬ್ಯಾಂಡಿಗೂ (ಬೆಳಕಿನ ಒಂದೊಂದು ಬಣ್ಣಕ್ಕೂ) 10,980 ಸಾಲು, ಅಷ್ಟೇ ಕಂಬಸಾಲು, ಅಂದರೆ 12 ಕೋಟಿ ಪಿಕ್ಸೆಲ್. ನಿಮ್ಮ ಮಾನಿಟರ್‌ನಲ್ಲಿ ಇರೋದು ಸುಮಾರು 20 ಲಕ್ಷ. ಉಳಿದದ್ದಕ್ಕೆ ಸುಮ್ನೆ ಯಾಕೆ ಲೆಕ್ಕ?

ತುಂಬಾ ದೂರದಿಂದ ನೋಡುವಾಗ ಮೂಲ ಪಿಕ್ಸೆಲ್‌ಗಳನ್ನೂ ಸಾಫ್ಟ್‌ವೇರ್ ಮುಟ್ಟುವುದಿಲ್ಲ. ಪಿರಮಿಡ್ ಎಂದು ಕರೆಯುವ, ಮೊದಲೇ ಕುಗ್ಗಿಸಿಟ್ಟ ಪ್ರತಿಯನ್ನು ಎತ್ತಿಕೊಳ್ಳುತ್ತದೆ. ಬೆಳೆಯ ಹಸಿರನ್ನು ತೋರಿಸುವ ಎನ್‌ಡಿವಿಐಗೆ ಇದರಿಂದ ಅಷ್ಟೇನೂ ಪೆಟ್ಟಿಲ್ಲ. ಅಲ್ಲಿ ಒಂದು ಪಿಕ್ಸೆಲ್‌ನ ಲೆಕ್ಕಕ್ಕೆ ಪಕ್ಕದ ಪಿಕ್ಸೆಲ್ ಬೇಕಿಲ್ಲ.

ಇಳಿಜಾರಿನ ಕಥೆ ಬೇರೆ. ಒಂದು ಪಿಕ್ಸೆಲ್‌ನ ಇಳಿಜಾರು ಗೊತ್ತಾಗಬೇಕಾದರೆ ಸುತ್ತಲಿನ ಎಂಟು ಪಿಕ್ಸೆಲ್‌ಗಳ ಎತ್ತರ ಬೇಕು. ಬಾಹ್ಯಾಕಾಶ ನೌಕೆಯಿಂದ ರೇಡಾರ್ ಅಳೆದ ನೆಲದ ಎತ್ತರದ ಮಾಹಿತಿ ಎಸ್‌ಆರ್‌ಟಿಎಂ. ಅದರ ಒಂದು ಪಿಕ್ಸೆಲ್ 30 ಮೀಟರ್, ಹಾಗಾಗಿ ಎಡ-ಬಲದ ಪಿಕ್ಸೆಲ್‌ಗಳ ನಡುವೆ 60 ಮೀಟರ್ ದೂರ. 450 ಮೀಟರ್ ದೂರದಲ್ಲಿ 300 ಮೀಟರ್ ಇಳಿಯುವ ಗುಡ್ಡ ಅಲ್ಲಿ 34 ಡಿಗ್ರಿ ಹತ್ತಿರ ಬರುತ್ತದೆ. ಇಡೀ ಕರ್ನಾಟಕ ಮತ್ತು ಅಕ್ಕಪಕ್ಕದ ರಾಜ್ಯಗಳು ಕಾಣುವಷ್ಟು ಹಿಂದೆ ಸರಿದು, ಪಿಕ್ಸೆಲ್ 960 ಮೀಟರ್ ಆಯಿತು ಅನ್ನಿ. ಈಗ ಆ ಎರಡು ಪಿಕ್ಸೆಲ್‌ಗಳ ನಡುವೆ ಸುಮಾರು ಎರಡು ಕಿಲೋಮೀಟರ್. ಗುಡ್ಡ, ಕಣಿವೆ, ಆಚೆಯ ಗುಡ್ಡ ಎಲ್ಲಾ ಸೇರಿ ಸರಾಸರಿಯಾಗಿ ಮಾಯ. ಗಾದೆ ಮಾಡಿದವರು ಜಿಐಎಸ್ (ಕಂಪ್ಯೂಟರ್ ನಕ್ಷೆ) ನೋಡಿರಲಿಲ್ಲ, ಆದರೂ ಎಷ್ಟು ಸರಿ ಹೇಳಿದ್ದಾರೆ ಅಲ್ವಾ?

ಆರ್ಕ್‌ಜಿಐಎಸ್‌ನ ಸ್ಲೋಪ್ ಫಂಕ್ಷನ್‌ನಲ್ಲಿ ಇದಕ್ಕೇ 'ಸ್ಕೇಲ್ಡ್' ಎಂಬ ಆಯ್ಕೆ ಇದೆ. ಪಿಕ್ಸೆಲ್ ದೊಡ್ಡದಾದಷ್ಟೂ ಎತ್ತರವನ್ನು ಹಿಗ್ಗಿಸಿ ಬೆಟ್ಟವನ್ನು ಬೆಟ್ಟದ ಹಾಗೆ ತೋರಿಸುತ್ತದೆ. ನೋಡಲು ಚೆಂದ. ಆದರೆ ಆ ಅಂಕಿಯನ್ನು ನಿಜವಾದ ಡಿಗ್ರಿ ಅಂತ ವರದಿಗೆ ಬರೆಯಬೇಡಿ.

ನನ್ನ ರೂಢಿ ಹೀಗೆ: ಕಣ್ಣಿಗೆ ಬೇಕಾದರೆ ಪರದೆ ಮೇಲಿನ ಲೆಕ್ಕ ಸಾಕು. ಎಷ್ಟು ಹೆಕ್ಟೇರ್, ಎಷ್ಟು ಡಿಗ್ರಿ ಅಂತ ಕೇಳಿದ ಕೂಡಲೇ ಮೂಲ ಪಿಕ್ಸೆಲ್ ಅಳತೆಯಲ್ಲೇ ಓಡಿಸಿ ಫೈಲ್ ಬರೆಸುತ್ತೇನೆ. ಅರ್ತ್ ಎಂಜಿನ್ ಆದರೆ 'ಸ್ಕೇಲ್' (ಪಿಕ್ಸೆಲ್ ಅಳತೆ) ಜಾಗದಲ್ಲಿ 30 ಅಂತ ನಾನೇ ತುಂಬುತ್ತೇನೆ, ಅದರ ಇಷ್ಟಕ್ಕೆ ಬಿಡುವುದಿಲ್ಲ. ಫೈಲ್ ಅಕ್ಷಾಂಶ-ರೇಖಾಂಶದಲ್ಲಿದ್ದರೆ ಮೊದಲು ಮೀಟರ್‌ಗೆ, ಕೊಡಗಿಗಾದರೆ ಯುಟಿಎಂ ಎಂಬ ಮೀಟರ್ ಲೆಕ್ಕದ ನಕ್ಷಾ ಪದ್ಧತಿಯ 43 ಉತ್ತರ ವಲಯಕ್ಕೆ, ತರುತ್ತೇನೆ. ಇದನ್ನು ಮರೆತು ಒಮ್ಮೆ ಇಡೀ ತಾಲ್ಲೂಕನ್ನೇ 89 ಡಿಗ್ರಿ ಗೋಡೆ ಮಾಡಿದ್ದೆ. ಅಡ್ಡಡ್ಡ ದೂರ ಡಿಗ್ರಿಯಲ್ಲಿ, ಎತ್ತರ ಮೀಟರ್‌ನಲ್ಲಿ ಇದ್ದರೆ ಇನ್ನೇನಾಗುತ್ತದೆ!

ಹುಡುಗ 30 ಮೀಟರ್‌ನಲ್ಲಿ ಮತ್ತೆ ಓಡಿಸಿದ. ಮಡಿಕೇರಿ ಸುತ್ತ ಕಡಿದಾದ ಇಳಿಜಾರಿನ ಕೆಂಪು ಮೂಡಿತು. ಸ್ವಲ್ಪ ಹೊತ್ತು ನೋಡಿ, "ಸರ್, ಜಾರಿದ ಗುಡ್ಡದ ಗುರುತೇ ಇಲ್ವಲ್ಲ?" ಅಂದ. ಎಸ್‌ಆರ್‌ಟಿಎಂ ಅಳೆದದ್ದು 2000ದ ಫೆಬ್ರವರಿಯಲ್ಲಿ. ಆ ಗುಡ್ಡಗಳು ಅದರಲ್ಲಿ ಇನ್ನೂ ನಿಂತೇ ಇವೆ.