ಈ ಜೇಡ್ ಕರಡಿಗೆಗೆ ವಯಸ್ಸೆಷ್ಟು? ಗೊಂದಲದ ಹಿಂದಿರುವ ಕತೆ

ಅಂಗೈಯಲ್ಲಿ ಕೂರುವಷ್ಟು ಪುಟ್ಟದೊಂದು ಕರಡಿಗೆ, ಜೇಡ್ ಎಂಬ ಬೆಲೆಬಾಳುವ ಗಟ್ಟಿ ಕಲ್ಲಲ್ಲಿ ಕೆತ್ತಿದ್ದು. ಮುಚ್ಚಳದ ಮೇಲೆ ಉಬ್ಬಿದ ಎರಡು ಕಣ್ಣು, ಅಗಲ ಮೂಗು, ಸುರುಳಿ ಕೊಂಬು. ಕೆಳದವಡೆಯೇ ಇಲ್ಲ. ನಮ್ಮ ದೇವಸ್ಥಾನದ ಕೀರ್ತಿಮುಖವೇ ಕಣ್ಣಮುಂದೆ ಬರುತ್ತದೆ, ಅಲ್ವಾ? ಆದರೆ ಇದು ಚೀನಾದ ತಾವೊತ್ಯೆ ಎಂಬ ಮೃಗಮುಖದ ಚಿತ್ತಾರ. ಇಂಥದ್ದು ಮಾರಾಟಕ್ಕೆ ಬಂದಾಗ ಒಬ್ಬರು 2,000 ವರ್ಷ ಹಳೆಯದು ಅನ್ನುತ್ತಾರೆ, ಇನ್ನೊಬ್ಬರು 250 ವರ್ಷ, ಮತ್ತೊಬ್ಬರು ಬರೀ ನಕಲಿ. ಇಷ್ಟು ಗೋಜಲು ಯಾಕೆ?

ಚೀನಾದವರು ಜೇಡ್ ಕೆತ್ತಲು ಶುರುಮಾಡಿ 5,000 ವರ್ಷ ದಾಟಿದೆ. ತಾವೊತ್ಯೆ ಮುಖ ಮೆರೆದದ್ದು 3,000 ವರ್ಷಕ್ಕೂ ಹಿಂದಿನ ಶಾಂಗ್ ರಾಜವಂಶದ ಕಾಲದ ಕಂಚಿನ ಪಾತ್ರೆಗಳ ಮೇಲೆ. ಸುಮಾರು 2,000 ವರ್ಷ ಹಿಂದಿನ ಹಾನ್ ರಾಜಮನೆತನದವರು ಜೇಡ್ ತುಂಡುಗಳನ್ನು ಪೋಣಿಸಿದ ಕವಚ ತೊಟ್ಟೇ ಸಮಾಧಿ ಸೇರಿದರು. ಆಮೇಲೆ ಸಾಂಗ್ ಕಾಲದಲ್ಲಿ ಹಳತರ ಹುಚ್ಚು ಹತ್ತಿತು. ಲ್ಯೂ ದಾಲಿನ್ ಎಂಬ ವಿದ್ವಾಂಸ 1092ರಲ್ಲಿ ಹಳೆಯ ಪಾತ್ರೆಗಳ ಚಿತ್ರಗಳ ಪುಸ್ತಕವನ್ನೇ ಮಾಡಿದ. ಕೆತ್ತುವವರಿಗೆ ಮಾದರಿ ಸಿಕ್ಕಿತು. ಮಿಂಗ್ ಕಾಲದ (1368–1644) ಹೊತ್ತಿಗೆ ಸುಝೌ ಪಟ್ಟಣದಲ್ಲಿ ಹೊಸ ಜೇಡ್‌ಗೆ ಬಣ್ಣ ಹತ್ತಿಸಿ ಹಳತೆಂದು ಮಾರುವುದೂ ನಡೆದಿತ್ತು.

ನಿಜವಾದ ತಿರುವು ಬಂದದ್ದು ಚಿಂಗ್ ವಂಶದ ಚಿಯೆನ್‌ಲಾಂಗ್ ಚಕ್ರವರ್ತಿಯ ಕಾಲದಲ್ಲಿ. ಈತ ಪಟ್ಟಕ್ಕೆ ಬಂದದ್ದು 1735ರಲ್ಲಿ. 1759ರಲ್ಲಿ ಅವನ ಸೈನ್ಯ ಪಶ್ಚಿಮದ ಶಿನ್‌ಜಿಯಾಂಗ್ ಗೆದ್ದಿತು. ಒಳ್ಳೆಯ ಬಿಳಿ ಜೇಡ್ ಸಿಗುವ ಖೋತಾನ್ ನದಿಗಳು ಅವನ ಕೈಗೆ ಬಂದವು. ಅಲ್ಲಿಂದ ವರ್ಷಕ್ಕೆ ಎರಡು ಸಲ ಕಪ್ಪಕಾಣಿಕೆಯಾಗಿ ಕಲ್ಲು ಬರತೊಡಗಿತು. ಕಲ್ಲು ಜಾಸ್ತಿಯಾದ ಹಾಗೆ ಪೇಟೆಯ ಕೆತ್ತನೆಗಾರರು ತೂತು ತೂತಿನ, ಹೂಬಳ್ಳಿಗಳ ಆಡಂಬರದ ಕೆಲಸಕ್ಕೆ ಇಳಿದರು. ದೊರೆಗೆ ಇದು ಹಿಡಿಸಲಿಲ್ಲ. ಜೇಡ್‌ಗೆ ಬಂದ ಕೇಡು ಇದು ಎಂದು ಪದ್ಯಗಳಲ್ಲೇ ಬೈದ. 1749ರಲ್ಲಿ ಅರಮನೆಯ 1,500ಕ್ಕೂ ಹೆಚ್ಚು ಕಂಚಿನ ಪಾತ್ರೆಗಳ ಸಚಿತ್ರ ಪಟ್ಟಿಗೆ ಅಪ್ಪಣೆ ಕೊಟ್ಟಿದ್ದವನು ಅವನೇ. ಹಳೆಯ ಮಾದರಿಯಲ್ಲೇ ಕೆತ್ತಿ ಅಂದ.

ಆ ಕೆಲಸದ ಕಷ್ಟ ಸ್ವಲ್ಪ ಯೋಚಿಸಿ. ಜೇಡ್ ಉಕ್ಕಿನ ಉಳಿಗೆ ಬಗ್ಗುವ ಕಲ್ಲಲ್ಲ. ಕಾಲಲ್ಲಿ ಮೆಟ್ಟಿ ತಿರುಗಿಸುವ ಚಕ್ರಕ್ಕೆ ಗಟ್ಟಿ ಮರಳು, ನೀರು ಹಚ್ಚಿ ಸವೆಸಬೇಕು. ಕೆತ್ತುವುದು ಚಕ್ರವಲ್ಲ, ಮರಳು. ಮುಚ್ಚಳ ತಳಕ್ಕೆ ಸರಿಯಾಗಿ ಕೂರಬೇಕಾದ ಕರಡಿಗೆಯಲ್ಲಂತೂ ಚೂರು ತಪ್ಪಿದರೂ ಕಲ್ಲೇ ಹಾಳು.

ಹೀಗೆ ಮಾಡಿದ ಕೆಲವು ವಸ್ತುಗಳ ತಳದಲ್ಲಿ 'ಮಹಾ ಚಿಂಗ್ ಚಿಯೆನ್‌ಲಾಂಗ್, ಪ್ರಾಚೀನದ ಅನುಕರಣೆ' ಎಂದು ಚೀನೀ ಅಕ್ಷರಗಳಲ್ಲಿ ಕೆತ್ತಿಸಿದ್ದಾರೆ. ಇದನ್ನು ನಕಲಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಮಾಡಿದವರೇ ಅನುಕರಣೆ ಎಂದು ಬರೆದಿಟ್ಟ ಮೇಲೆ ಮೋಸ ಎಲ್ಲಿ ಬಂತು? ಕರಡಿಗೆಯ ಬಳಕೆಯೂ ಶಾಂಗ್ ಕಾಲದ್ದಲ್ಲ, ಹೊಸ ಕಾಲದ್ದೇ. ಧೂಪದ ಪಾತ್ರೆ, ಧೂಪದ ಚಮಚ ಇಡುವ ಹೂಜಿ, ಧೂಪದ ಕರಡಿಗೆ, ಈ ಮೂರೂ ಒಟ್ಟಿಗೆ ಮೇಜಿನ ಮೇಲೆ ಇರುತ್ತಿದ್ದವು. ಶಾಂಗ್ ಕಾಲದ ಮುಖ ಈ ಮೇಜಿನ ಸಾಮಾನಿನ ಮೇಲೆ ಬಂದು ಕೂತಿದೆ. ಪರಿಣತರಿಗೆ ಮೊದಲ ಸುಳಿವು ಸಿಗುವುದು ಇಲ್ಲೇ: ಚಿತ್ತಾರ ಹಳೆಯದು, ಆಕಾರ ಹೊಸದು.

ಹಳತನ್ನು ಗುರುತಿಸುವುದರಲ್ಲಿ ದೊರೆಯೂ ಎಡವಿದ್ದಾನೆ. ಸುಮಾರು 5,000 ವರ್ಷ ಹಳೆಯ ಲಿಯಾಂಗ್‌ಜು ಸಂಸ್ಕೃತಿಯ ಜೇಡ್ ಕೊಳವೆಗಳನ್ನು ಹೊರುವ ಕಂಬದ ತುದಿಗೆ ಹಾಕುವ ಭಾಗ ಅಂದುಕೊಂಡು, ಅವುಗಳ ಮೇಲೆ ತನ್ನ ಪದ್ಯ ಕೆತ್ತಿಸಿದ. ಹೋಲಿಸಿ ನೋಡಲು ಆಗ ಉತ್ಖನನವೇ ಇರಲಿಲ್ಲ.

1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳು ಬೀಜಿಂಗ್ ಹೊರಗಿನ ಯುವಾನ್‌ಮಿಂಗ್‌ಯುವಾನ್ ಅರಮನೆ ಲೂಟಿ ಮಾಡಿದವು. ಅಲ್ಲಿನ ವಸ್ತುಗಳು ಯೂರೋಪ್ ಸೇರಿದವು. ಮುಂದಿನ ದಶಕಗಳಲ್ಲಿ ವ್ಯಾಪಾರಿಗಳ ಮೂಲಕವೂ ಎಷ್ಟೋ ಜೇಡ್ ಹೊರಗೆ ಹೋಯಿತು. ಕೊಂಡವರಿಗೆ ಚಿತ್ತಾರ ಕಂಡಿತೇ ಹೊರತು ಕಾಲ ಕಾಣಲಿಲ್ಲ. ಮಣ್ಣಲ್ಲಿ ಹೂತಿದ್ದಂತೆ ಕಾಣುವ ಕಂದು ಕಲೆ ಇದ್ದರೆ ಸಾಕು, 'ಹಾನ್ ಕಾಲದ್ದು' ಎಂಬ ಚೀಟಿ ಅಂಟುತ್ತಿತ್ತು. 1928ರಲ್ಲಿ ಶಾಂಗ್ ರಾಜಧಾನಿಯಿದ್ದ ಆನ್ಯಾಂಗ್‌ನಲ್ಲಿ ಅಗೆತ ಶುರುವಾಯಿತು. 1976ರಲ್ಲಿ ಅಲ್ಲೇ ರಾಣಿ ಫು ಹಾವೊ ಸಮಾಧಿಯಿಂದ 755 ಜೇಡ್ ವಸ್ತುಗಳು ಹೊರಬಂದವು. ಶಾಂಗ್ ಕೆಲಸ ನಿಜಕ್ಕೂ ಹೇಗಿರುತ್ತದೆ ಎಂದು ಪಕ್ಕದಲ್ಲಿಟ್ಟು ನೋಡುವಂತಾಯಿತು. ಎಷ್ಟೋ ಹಳೆಯ ಚೀಟಿಗಳು ಬದಲಾದವು.

ಪೇಟೆಯಲ್ಲಿ ಮಾತ್ರ ಗೋಜಲು ಉಳಿದಿದೆ. ಕಲ್ಲು ಎಂದೋ ಹುಟ್ಟಿದ್ದು, ಅದನ್ನು ಪರೀಕ್ಷಿಸಿದರೆ ಕೆತ್ತಿದ ವರ್ಷ ಸಿಗುವುದಿಲ್ಲ. ಈಗ ವಿದ್ಯುತ್ ಯಂತ್ರ, ವಜ್ರದ ಪುಡಿ ಬಂದಿವೆ. ಹಗುರ ಬೆಲೆಯ ಸರ್ಪೆಂಟೈನ್ ಕಲ್ಲನ್ನೂ ಜೇಡ್ ಹೆಸರಲ್ಲೇ ಮಾರುತ್ತಾರೆ. ಒಂದು ಮಾರಾಟದಿಂದ ಇನ್ನೊಂದಕ್ಕೆ ಹೋಗುವಾಗ 'ಪ್ರಾಚೀನ ಶೈಲಿಯ' ಅನ್ನುವುದು ಸುಮ್ನೆ 'ಪ್ರಾಚೀನ' ಆಗಿಬಿಡುತ್ತದೆ. ಅಷ್ಟಕ್ಕೇ 18ನೇ ಶತಮಾನದ ಒಬ್ಬ ಕುಶಲಕರ್ಮಿಯ ತಿಂಗಳುಗಟ್ಟಲೆ ದುಡಿಮೆ ಇನ್ಯಾವುದೋ ಕಾಲದವರ ಲೆಕ್ಕಕ್ಕೆ ಹೋಗುತ್ತದೆ.